ಸಂಗೀತ ಕಲಿತವರಿಗೆ ಕೆಲಸವೂ ಬೇಕಲ್ವಾ?

ಸಂಪಾದಕರೇ,

ಗದಗ ಅಂದ ಕೂಡಲೇ ಎಲ್ಲರೂ ವೀರೇಶ್ವರ ಪುಣ್ಯಾಶ್ರಮ, ಪುಟ್ಟರಾಜ ಗವಾಯಿಗಳು ಅಂತಾರೆ. ಸಂತೋಷ. ಆದರೆ ಆ ಆಶ್ರಮ ಕಟ್ಟಿದ, ಪುಟ್ಟರಾಜರ ಗುರು ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದ್ದು ನಾವು ಸುಮ್ನೆ ಕೂತು ತಲೆದೂಗಲಿ ಅಂತಲ್ಲ, ಆ ಮಕ್ಕಳು ಯಾರ ಮುಂದೂ ಕೈಚಾಚದೆ ದುಡಿದು ಉಣ್ಣಲಿ ಅಂತ. ಆಶ್ರಮದ ಖರ್ಚು ತೂಗಿಸಲು ನಾಟಕ ಕಂಪನಿಯನ್ನೇ ಕಟ್ಟಿ ಊರೂರು ತಿರುಗಿದ ಪರಂಪರೆ ಅದು.

ಜಾತ್ರೆಯಲ್ಲಿ ಒಂದು ನಾಟಕ ನಡೆದರೆ ಎಷ್ಟು ಮನೆಯ ಒಲೆ ಉರಿಯುತ್ತದೆ ನೋಡಿ. ರಂಗಸಜ್ಜಿಕೆಯವರು, ತಬಲಾ-ಹಾರ್ಮೋನಿಯಂನವರು, ಬಣ್ಣ ಹಚ್ಚುವವರು, ಮೈಕ್‌ಸೆಟ್ಟಿನವರು, ಪಕ್ಕದಲ್ಲೇ ಮಿರ್ಚಿ-ಗಿರ್ಮಿಟ್ ಅಂಗಡಿ (ಅವರಿಗೆ ಮಧ್ಯರಾತ್ರಿ ವ್ಯಾಪಾರವೇ ಜಾಸ್ತಿ). ಈಗ ಎಷ್ಟೋ ಕಡೆ ಊರವರಿಂದ ಎತ್ತಿದ ಪಟ್ಟಿ (ಚಂದಾ) ದುಡ್ಡಿನಲ್ಲಿ ಡಿಜೆ ತರಿಸುತ್ತಾರೆ. ಒಂದು ರಾತ್ರಿ ಎದೆ ನಡುಗಿಸಿ ಲಾರಿ ಹೋಗುತ್ತದೆ, ಊರಿಗೆ ಕಿವಿನೋವು ಉಳಿಯುತ್ತದೆ.

ಸರ್ಕಾರಿ ಉತ್ಸವಗಳದ್ದೂ ಇದೇ ಹಾಡು. ಪ್ರೈಮ್ ಟೈಮ್ ಬೆಂಗಳೂರಿನವರಿಗೆ, ನಮ್ಮ ಕಲಾವಿದರಿಗೆ ಸಂಜೆ ನಾಲ್ಕರ ಬಿಸಿಲು, ಖಾಲಿ ಕುರ್ಚಿ. ಸನ್ಮಾನದ ಶಾಲು ಸಾಕು ಮಾಡಿ, ಸಂಭಾವನೆ ಸರಿಯಾಗಿ ಕೊಡಿ. ಸರ್ಕಾರಿ ಶಾಲೆಗಳಿಗೆ ಸಂಗೀತ ಶಿಕ್ಷಕರನ್ನು ನೇಮಿಸಿ. ಜಾತ್ರಾ ಕಮಿಟಿಯವರೂ ವರ್ಷಕ್ಕೊಂದಾದರೂ ನಾಟಕ ಇಡಲಿ.

– ಒಬ್ಬ ಓದುಗ, ಬೆಟಗೇರಿ, ಗದಗ