ಸಾಬುವಿನ ಹಾಡಿನಿಂದ ಶುರು ಮಾಡು

ಗೆಳೆಯಾ,

ಅಮೆರಿಕದ ಹಾಡುಗಾರ ಜಾನ್ ಪ್ರೈನ್‌ನ ಹಾಡುಗಳನ್ನು ಗಿಟಾರಿನಲ್ಲಿ ಕಲಿಯಬೇಕು, ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ಯಾರನ್ನು ಕೇಳಿದರೂ ‘ಸ್ಯಾಮ್ ಸ್ಟೋನ್’ ಅನ್ನುತ್ತಾರೆ. ನೀನು ಅದನ್ನು ಸ್ವಲ್ಪ ದಿನ ಪಕ್ಕಕ್ಕಿಡು. ಮೊದಲು ‘ಸಾಬು ವಿಸಿಟ್ಸ್ ದ ಟ್ವಿನ್ ಸಿಟೀಸ್ ಅಲೋನ್’ ಕೇಳು. 1978ರ ‘ಬ್ರೂಸ್ಡ್ ಆರೆಂಜ್’ ಆಲ್ಬಮ್ಮಿನಲ್ಲಿದೆ. ಅದನ್ನು ಪ್ರೊಡ್ಯೂಸ್ ಮಾಡಿದ್ದು ಅವನ ಜೀವದ ಗೆಳೆಯ ಸ್ಟೀವ್ ಗುಡ್‌ಮನ್.

ಆ ಸಾಬು ನಮ್ಮವನೇ ಕಣೋ. ಎಚ್.ಡಿ. ಕೋಟೆ ಕಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. 1937ರಲ್ಲಿ ಬಂದ ‘ಎಲಿಫೆಂಟ್ ಬಾಯ್’ ಚಿತ್ರ ಅವನನ್ನು ಆನೆ ಲಾಯದಿಂದ ಎತ್ತಿ ಇಂಗ್ಲೆಂಡಿಗೆ, ಅಲ್ಲಿಂದ ಹಾಲಿವುಡ್ಡಿಗೆ ಒಯ್ದಿತು. 39ನೇ ವಯಸ್ಸಿಗೇ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. ಪ್ರೈನ್ ಹೇಳುವ ಕಥೆಯಲ್ಲಿ ಅವನ ಸಿನಿಮಾ ಅಮೆರಿಕದ ನಡುನಾಡಿನಲ್ಲಿ ಓಡುತ್ತಿಲ್ಲ. ಹಾಗಾಗಿ ಹುಡುಗನನ್ನೇ ಪ್ರಚಾರಕ್ಕೆ ಅಟ್ಟುತ್ತಾರೆ, ಅದೂ ಮಿನೆಸೋಟದ ಕೊರೆಯುವ ಚಳಿಗೆ. ಮೈತುಂಬ ಕಾರ್ಡುರಾಯ್ ಸುತ್ತಿಕೊಂಡು ಬರುತ್ತಿದ್ದಾನೆ ಆನೆ ಹುಡುಗ. ಇತ್ತ ಮ್ಯಾನೇಜರು ಆಫೀಸಿನಲ್ಲಿ ಒಬ್ಬನೇ ಕೂತು ಫೋನಿನ ಮೇಲಿನ ಅಂಕಿಗಳನ್ನು ದಿಟ್ಟಿಸುತ್ತಿದ್ದಾನೆ. ಸಾಬುವಿಗೆ ಬೇಜಾರಾಗಿತ್ತು ಅನ್ನುವುದಕ್ಕೆ ಪ್ರೈನ್ ಬಳಸುವುದು ಮೂರೇ ಪದ. ಮರುಕ್ಷಣವೇ ವಿಮಾನದವರು ಏನು ಕಳೆದುಹಾಕಿದರು ಅನ್ನುವ ತಮಾಷೆಗೆ ಜಿಗಿಯುತ್ತಾನೆ. ದುಃಖದ ಮಾತು ಬಂದಾಗ ಅಲ್ಲಿ ನಿಲ್ಲುವುದಿಲ್ಲ, ನಮ್ಮನ್ನೂ ನಿಲ್ಲಗೊಡುವುದಿಲ್ಲ. ನೀನು ಕಲಿಯಬೇಕಾದದ್ದು ಇದನ್ನು. ಬೆರಳು ಓಡಿಸುವುದು ಆಮೇಲಿನ ಮಾತು.

ಅವನ ಹಾಡಿನ ನಗೆಯನ್ನು ಎಲ್ಲರೂ ಒಗ್ಗರಣೆ ಅಂದುಕೊಳ್ಳುತ್ತಾರೆ, ನೋವಿನ ಮೇಲೆ ಹಾಕಿದ್ದು ಅಂತ. ನನಗೆ ಹಾಗನ್ನಿಸುವುದಿಲ್ಲ. ನಗು ಬರಿಸುವ ವಿವರವೇ ಆ ಮನುಷ್ಯ ನಿಜ ಅಂತ ನಮ್ಮನ್ನು ನಂಬಿಸುತ್ತದೆ. ನಂಬಿದ ಮೇಲೆ ಅವನಿಗೆ ಆಗುವುದೆಲ್ಲ ನಮಗೆ ತಟ್ಟುತ್ತದೆ. ಅದಕ್ಕೇ ಹಾಡುವವನು ನಗಬಾರದು, ಅಳಲೂಬಾರದು. ಪತ್ರ ಓದಿ ಹೇಳುವ ಪೋಸ್ಟ್‌ಮನ್ ದನಿ ಸಾಕು.

ಪ್ರೈನ್ ನಿಜಕ್ಕೂ ಪೋಸ್ಟ್‌ಮನ್ನೇ ಆಗಿದ್ದ. 1946ರಲ್ಲಿ ಶಿಕಾಗೋ ಪಕ್ಕದ ಮೇವುಡ್‌ನಲ್ಲಿ ಹುಟ್ಟಿದವನು, ಸೈನ್ಯದಲ್ಲಿದ್ದಾಗ ಪಶ್ಚಿಮ ಜರ್ಮನಿಯಲ್ಲಿದ್ದು ಬಂದು, ಊರಲ್ಲಿ ಟಪಾಲು ಹಂಚುತ್ತ ತಲೆಯಲ್ಲೇ ಹಾಡು ಕಟ್ಟುತ್ತಿದ್ದ. 1970ರಲ್ಲಿ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಅವನ ಹಾಡು ಕೇಳಿ ಬರೆದದ್ದೇ ಮೊದಲ ವಿಮರ್ಶೆ. ಮರುವರ್ಷ ಮೊದಲ ಆಲ್ಬಮ್. ನಡೆಯುತ್ತ ಕಟ್ಟಿದ ಹಾಡಾದ್ದರಿಂದ ನೆನಪಿನಲ್ಲಿ ನಿಲ್ಲದ ಸಾಲು ತಾನಾಗಿಯೇ ಉದುರಿಹೋಗುತ್ತದೆ. ನೀನು ಕನ್ನಡದಲ್ಲಿ ಕಥೆಹಾಡು ಬರೆಯುವ ಆಸೆ ಇಟ್ಟುಕೊಂಡಿದ್ದೀಯಲ್ಲ, ಫೋನಿನಲ್ಲಿ ಟೈಪ್ ಮಾಡಬೇಡ. ನಡೆಯುತ್ತ ಕಟ್ಟು, ಮನೆಗೆ ಬಂದ ಮೇಲೆ ಉಳಿದದ್ದನ್ನಷ್ಟೇ ಬರೆದುಕೋ.

ಈಗ ಕೈಗೆ ಬರೋಣ. ಅವನದು ಹೆಬ್ಬೆರಳಿನ ವಾದನ. ಹೆಬ್ಬೆರಳು ಪ್ರತಿ ತಾಳಕ್ಕೂ ಬೇಸ್ ತಂತಿಗಳ, ಅಂದರೆ ದಪ್ಪ ತಂತಿಗಳ ಮೇಲೆ ಒಂದಾದ ಮೇಲೊಂದು ಬೀಳುತ್ತಿರುತ್ತದೆ. ಕಾರ್ಡು ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು: ಸಿ ಕಾರ್ಡಿಗೆ 5ನೇ ತಂತಿ, 4ನೇ ತಂತಿ; ಜಿ ಕಾರ್ಡಿಗೆ 6ನೇ ತಂತಿ, 4ನೇ ತಂತಿ. ತೋರುಬೆರಳು, ನಡುಬೆರಳು ಸಣ್ಣ ತಂತಿಗಳಲ್ಲಿ ರಾಗದ ತುಣುಕುಗಳನ್ನು ಎತ್ತಿಕೊಳ್ಳುತ್ತವೆ. ಮೊದಲು ಹೆಬ್ಬೆರಳು ಮಾತ್ರ, ಬೇರೆ ಏನೂ ಬೇಡ. ಅದು ಓಡುತ್ತಿರುವಾಗಲೇ ಪಕ್ಕದಲ್ಲಿ ಕೂತವರ ಜೊತೆ ಊಟ ತಿಂಡಿ ಮಾತಾಡಿ ನೋಡು. ಮಾತಿಗೆ ಹೆಬ್ಬೆರಳು ಎಡವಿದರೆ ಹಾಡಿಗೂ ಎಡವುತ್ತದೆ. ಇವನ ಹಾಡುಗಳಲ್ಲಿ ಅರ್ಧ ಮಾತೇ, ಪದಗಳು ತಾಳದ ಹಿಂದೆ ಮುಂದೆ ಜಾರುತ್ತಿರುತ್ತವೆ. ಹೆಬ್ಬೆರಳು ಪದಗಳ ಹಿಂದೆ ಓಡಿತೋ, ಹಾಡು ಕುಸಿಯಿತು ಅಂತಲೇ ಲೆಕ್ಕ.

ಎರಡನೆಯದಾಗಿ ‘ಪ್ಯಾರಡೈಸ್’ ಹಿಡಿ. ಡಿ, ಜಿ, ಎ, ಮೂರೇ ಕಾರ್ಡು. ಮೂರೆಣಿಕೆಯ ತಾಳ, ಮೊದಲ ಎಣಿಕೆಗೆ ಬೇಸ್, ಉಳಿದೆರಡಕ್ಕೆ ಮೀಟು. ಕೆಂಟಕಿಯ ಮ್ಯೂಲೆನ್‌ಬರ್ಗ್ ಕೌಂಟಿಯಲ್ಲಿ ಗ್ರೀನ್ ನದಿಯ ದಡದಲ್ಲಿದ್ದ ಊರದು, ಅವನ ಅಪ್ಪ ಅಮ್ಮನ ಸೀಮೆ. ಕಲ್ಲಿದ್ದಲಿಗಾಗಿ ನೆಲವನ್ನೇ ಬಗೆದ ಕಥೆ, ಕಂಪನಿಯ ಹೆಸರನ್ನೂ ಹಾಡಿನಲ್ಲೇ ಹೇಳುತ್ತಾನೆ. ಪಲ್ಲವಿಯಲ್ಲಿ ಮಗ ಅಲ್ಲಿಗೆ ಕರಕೊಂಡು ಹೋಗಪ್ಪಾ ಅನ್ನುತ್ತಾನೆ, ತಡವಾಯಿತು ಮಗನೇ ಅಂತ ಅಪ್ಪ ಹೇಳುತ್ತಾನೆ. ರಾಗ ಎಷ್ಟು ಹಿತವಾಗಿದೆಯೆಂದರೆ ಎಲ್ಲರೂ ಪಿಕ್ನಿಕ್ ಹಾಡಿನ ಹಾಗೆ ಚಪ್ಪಾಳೆ ತಟ್ಟಿ ಓಡಿಸಿಬಿಡುತ್ತಾರೆ. ಓಡಿಸಬೇಡ. ಪ್ರಶ್ನೆಗೂ ಉತ್ತರಕ್ಕೂ ನಡುವೆ ನಾಟಕೀಯವಾಗಿ ನಿಲ್ಲಲೂ ಬೇಡ.

‘ಏಂಜಲ್ ಫ್ರಮ್ ಮಾಂಟ್‌ಗೊಮರಿ’ಗೆ ಜಿ, ಸಿ, ಡಿ ಜೊತೆಗೆ ಎಫ್ ಬೇಕು. ಚರಣವೆಲ್ಲ ಬಹುಪಾಲು ಜಿ–ಸಿ, ಜಿ–ಸಿ ಅಂತ ಒಂದೇ ಕಡೆ ತೂಗುತ್ತಿರುತ್ತದೆ. ಹಾಡಿನಲ್ಲಿ ಮಾತಾಡುವ ಮುದುಕಿಯ ದಿನಗಳೂ ಹಾಗೇ. ಪಲ್ಲವಿಗೆ ಬಂದಾಗ ಜಿ ಆದಮೇಲೆ ಎಫ್, ಸಿ, ಮತ್ತೆ ಜಿ. ಆ ಎಫ್, ಹಾಡು ನಿಂತಿರುವ ಸ್ವರಗಳ ಸಾಲಾದ ಜಿ ಮೇಜರ್ ಸ್ಕೇಲಿನೊಳಗಿನದಲ್ಲ, ಅದಕ್ಕೇ ಅಲ್ಲಿ ಹಾಡಿಗೆ ಥಟ್ಟನೆ ಕಿಟಕಿ ತೆರೆದುಕೊಳ್ಳುತ್ತದೆ. ಬ್ಯಾರೆ (ಒಂದೇ ಬೆರಳಿನಿಂದ ಎಲ್ಲ ತಂತಿ ಒತ್ತುವುದು) ಹಿಡಿಯಲಾಗದೆ ಅಲ್ಲಿ ಡಿ ಹಾಕಿ ಜಾರಿಕೊಳ್ಳುವವರಿದ್ದಾರೆ. ಹಾಗೆ ಮಾಡಿದರೆ ಹಾಡು ಜಿ–ಸಿ ಮನೆಯೊಳಗೇ ಉಳಿದುಬಿಡುತ್ತದೆ. ಪೂರ್ತಿ ಬ್ಯಾರೆ ಕಷ್ಟವಾದರೆ ಸಣ್ಣ ನಾಲ್ಕೇ ತಂತಿಯ ಚಿಕ್ಕ ಎಫ್ ಹಿಡಿ, ಸಾಕು. ಇಪ್ಪತ್ತರ ಹರೆಯದ ಗಂಡು ‘ನಾನೊಬ್ಬ ಮುದುಕಿ’ ಅಂತ ಶುರು ಮಾಡುವ ಹಾಡಿದು. ನೀನೂ ದನಿ ಬದಲಿಸಬೇಡ. ಕೊನೆಯ ಚರಣದಲ್ಲಿ ಅಡುಗೆಮನೆಯಲ್ಲಿ ಗುಂಯ್‌ಗುಡುವ ನೊಣ, ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬಂದವನಿಗೆ ಹೇಳಲು ಒಂದು ಮಾತೂ ಇಲ್ಲದಿರುವುದು ಹೇಗೆ ಅನ್ನುವ ಅವಳ ಬೆರಗು. ಅದನ್ನು ಸಿಟ್ಟಿನಲ್ಲಿ ಹಾಡಿದರೆ ಬರೀ ಜಗಳ. ಗಾಯಕಿ ಬಾನ್ನಿ ರೇಟ್ 1974ರಲ್ಲಿ ಹಾಡಿದ್ದನ್ನೂ ಕೇಳು, ಹೆಚ್ಚು ಜನಕ್ಕೆ ಗೊತ್ತಿರುವುದು ಅದೇ.

‘ಹೆಲೋ ಇನ್ ದೇರ್’ ವೃದ್ಧ ದಂಪತಿಯ ಹಾಡು. ಮಕ್ಕಳೆಲ್ಲ ಎಲ್ಲೆಲ್ಲೋ, ಒಬ್ಬ ಕೊರಿಯಾ ಯುದ್ಧದಲ್ಲಿ ಹೋದ. ಜೊತೆಯಲ್ಲಿ ಫ್ಯಾಕ್ಟರಿ ಕೆಲಸ ಮಾಡಿದ ರೂಡಿಗೆ ಫೋನ್ ಮಾಡೋಣ ಅಂತ ಮುದುಕ ಯೋಚಿಸುತ್ತಾನೆ, ಏನು ಸಮಾಚಾರ ಅಂತ ಕೇಳಿದರೆ ಹೇಳುವುದೇನು ಅಂತ ಸುಮ್ಮನಾಗುತ್ತಾನೆ. ಹೆಸರುಗಳನ್ನು ಗಮನಿಸು: ಲೊರೆಟಾ, ಡೇವಿ, ರೂಡಿ. ‘ಒಬ್ಬ ಗೆಳೆಯ’ ಅಂದಿದ್ದರೆ ಹಾಡು ಸತ್ತೇಹೋಗುತ್ತಿತ್ತು. ಕನ್ನಡದಲ್ಲಿ ಬರೆಯುವಾಗ ನಿನ್ನ ಪಾತ್ರಕ್ಕೂ ಹೆಸರು ಕೊಡು, ಊರು ಕೊಡು, ಕೆಲಸ ಕೊಡು. ಬದುಕು, ಒಂಟಿತನ, ನೆನಪು ಅಂತ ಶುರು ಮಾಡುವ ಭಾವಗೀತೆ ನಮ್ಮಲ್ಲಿ ಬೇಕಾದಷ್ಟಿದೆ.

ಇಷ್ಟಾದ ಮೇಲೆ ‘ಸ್ಯಾಮ್ ಸ್ಟೋನ್’. ಯುದ್ಧದಿಂದ ಪದಕದ ಜೊತೆ ಮಾರ್ಫಿನ್ ಚಟವನ್ನೂ ತಂದವನ ಕಥೆ. ಚರಣಗಳನ್ನು ಹೊರಗಿನವರು ಹೇಳುತ್ತಾರೆ, ಪಲ್ಲವಿ ಮಾತ್ರ ಮಗುವಿನ ಬಾಯಲ್ಲಿದೆ: ಅಪ್ಪನ ತೋಳಿನ ತೂತಿನೊಳಗೆ ದುಡ್ಡೆಲ್ಲ ಹೋಗುತ್ತದೆ. ಮಗುವಿಗೆ ಇದು ದುರಂತ ಅಂತ ಗೊತ್ತಿಲ್ಲ, ಕಂಡದ್ದನ್ನು ಹೇಳುತ್ತಿದೆ ಅಷ್ಟೆ. ಹೊಸಬರು ಪಲ್ಲವಿಯಲ್ಲೇ ದನಿ ಏರಿಸಿ ಕಂಠ ನಡುಗಿಸುತ್ತಾರೆ. ಮೊದಲ ಸಲಕ್ಕೇ ನಡುಗಿಸಿಬಿಟ್ಟರೆ ಶವಪೆಟ್ಟಿಗೆ ಬರುವ ಕೊನೆಯ ಚರಣಕ್ಕೆ ನಿನ್ನ ಹತ್ತಿರ ಉಳಿಯುವುದೇನು?

ತಮಾಷೆಯವಕ್ಕೆ ‘ಡಿಯರ್ ಆ್ಯಬಿ’ ಸಾಕು, ಸಲಹಾ ಅಂಕಣಕ್ಕೆ ಜನ ಬರೆದ ಪತ್ರಗಳ ಹಾಡು. 1973ರ ‘ಸ್ವೀಟ್ ರಿವೆಂಜ್’ನಲ್ಲಿರುವುದು ಲೈವ್ ರೆಕಾರ್ಡಿಂಗ್. ಜನ ಎಲ್ಲಿ ನಗುತ್ತಾರೆ, ಅವನು ಎಷ್ಟು ಹೊತ್ತು ಬಿಡುತ್ತಾನೆ ಅಂತ ಕಿವಿಗೊಟ್ಟು ಕೇಳು. ಜೊತೆಗೆ ಹಾಡುವವರು ಸಿಕ್ಕರೆ 1999ರ ‘ಇನ್ ಸ್ಪೈಟ್ ಆಫ್ ಅವರ್‌ಸೆಲ್ವ್ಸ್’. ಐರಿಸ್ ಡಿಮೆಂಟ್ ಜೊತೆ ಹಾಡಿದ್ದು; ಗಂಡ ಹೆಂಡತಿ ಸರದಿಯಲ್ಲಿ ಒಬ್ಬರನ್ನೊಬ್ಬರು ಬಯ್ದುಕೊಂಡೇ ಮುದ್ದು ಮಾಡುತ್ತಾರೆ. ಪೋಲಿ ಸಾಲುಗಳಿವೆ, ಹಿರಿಯರ ಮುಂದೆ ಹಾಡುವ ಮೊದಲು ಒಮ್ಮೆ ಯೋಚಿಸು.

ಶ್ರುತಿಯ ಮಾತು ಒಂದು ಬಾಕಿ. 1998ರಲ್ಲಿ ಕತ್ತಿನ ಕ್ಯಾನ್ಸರಿಗೆ ಚಿಕಿತ್ಸೆಯಾದ ಮೇಲೆ ಅವನ ದನಿ ತಗ್ಗಿ ಒರಟಾಯಿತು, ಹಳೆಯ ಹಾಡುಗಳನ್ನೂ ಕೆಳಗಿನ ಶ್ರುತಿಗೆ ಇಳಿಸಿಕೊಂಡು ಹಾಡಿದ. 2020ರ ಏಪ್ರಿಲ್‌ನಲ್ಲಿ ಕೋವಿಡ್ಡಿಗೆ ತುತ್ತಾಗುವ ತನಕವೂ ಅದೇ ದನಿ. ನೀನೂ ರೆಕಾರ್ಡಿನ ಶ್ರುತಿಗೆ ಜೋತುಬೀಳಬೇಡ. ಮಾಮೂಲಿಯಾಗಿ ಮಾತಾಡುವ ದನಿಗೆ ಹತ್ತಿರವಾದ ಜಾಗದಲ್ಲಿ ಕೇಪೋ (ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿಕೋ; ಕೇಪೋ ಮೇಲಕ್ಕೇರಿಸಲಷ್ಟೇ ಬರುತ್ತದೆ, ಇಳಿಸಬೇಕಾದರೆ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಸಡಿಲಿಸು. ಆ ‘ಪ್ಯಾರಡೈಸ್’ ಒಂದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು, ಹೆಬ್ಬೆರಳು ಎಲ್ಲಿ ಎಡವುತ್ತಿದೆ ಅಂತ ನೋಡೋಣ.

ನಿನ್ನವ