ಆ ಎರಡು ನಿಮಿಷ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮೂರು ಪುಟದಲ್ಲಿ ಮನಸ್ಸಿಗೆ ಅಂಟಿಕೊಂಡದ್ದು ಒಂದೇ ಸಾಲು. ಹಾಫ್ ಮೂನ್ ಬೇಯಿಂದ ವಿಮಾನ ಹಾರಿಸಿಕೊಂಡು ವಾಪಸು ಬರುವಾಗ ಎರಡು ನಿಮಿಷ ಮೋಡದೊಳಗೆ ಇದ್ದೆ, ಮ್ಯಾಗಜಿನ್‌ನಲ್ಲಿ ಓದಿದ್ದು ನೆನಪಿತ್ತು, ಏನೂ ಆಗಲಿಲ್ಲ ಅಂತ ಬರೆದಿದ್ದೀಯಲ್ಲ, ಅದು. ಅಲ್ಲಿನ ಕಾಫಿ ಕೆಟ್ಟದಾಗಿತ್ತು ಅಂತ ದೂರೋದಕ್ಕೆ ಅದಕ್ಕಿಂತ ಜಾಸ್ತಿ ಜಾಗ ಕೊಟ್ಟಿದ್ದೀಯ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದ್ದರು. ಓದಿರುತ್ತೀಯ, ನೀನು ಕಳಿಸಿದ ಹಳೇ ಸಂಚಿಕೆಗಳಲ್ಲೇ ಇದೆ. ಇನ್‌ಸ್ಟ್ರುಮೆಂಟ್ ನೋಡಿ ಹಾರಿಸಿ ಅಭ್ಯಾಸವಿಲ್ಲದ 20 ಜನಕ್ಕೆ ಹೊರಗಡೆ ಕಾಣದ ಹಾಗೆ ಮಾಡಿ ವಿಮಾನ ಕೊಟ್ಟರು. ಇಪ್ಪತ್ತೂ ಜನರ ಕೈತಪ್ಪಿತು. ಸರಾಸರಿ 178 ಸೆಕೆಂಡ್. ಒಬ್ಬರಿಗೆ 20 ಸೆಕೆಂಡೇ ಸಾಕಾಯಿತು. ನಿನ್ನ ಎರಡು ನಿಮಿಷ ಅಂದರೆ 120. ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ಕಳೆದು ನೋಡಿದೆ. 58 ಉಳೀತು.

ಬೈಯೋಣ ಅಂತ ಕೂತವನಲ್ಲ. ಬೈಯೋ ಯೋಗ್ಯತೆ ನನಗಿಲ್ಲ.

1974ರಲ್ಲಿ, ಜಕ್ಕೂರಿನಲ್ಲಿ ವಿಮಾನ ಹಾರಿಸೋದು ಕಲಿಯುವಾಗ, ನನ್ನ ತಲೆಯಲ್ಲೂ ಬರೀ ಮ್ಯಾಗಜಿನ್. ಅವೆನ್ಯೂ ರಸ್ತೆಯ ಫುಟ್‌ಪಾತಲ್ಲಿ ಹಳೇ 'ಫ್ಲೈಯಿಂಗ್' ಸಿಕ್ಕರೆ ಊಟದ ದುಡ್ಡು ಅದಕ್ಕೇ ಹೋಗೋದು. ಪೈಲಟ್‌ಗಳು ತಮ್ಮ ತಪ್ಪನ್ನು ತಾವೇ ಬರೆಯೋ ಅಂಕಣ ಅದರಲ್ಲಿ 1939ರಲ್ಲೇ ಶುರುವಾಗಿತ್ತು. ಮೊದಲು ಓದುತ್ತಿದ್ದದ್ದು ಅದನ್ನೇ. ಮೋಡದಲ್ಲಿ ಸಿಕ್ಕಿಕೊಂಡ ಕಥೆ ಎಷ್ಟು ಓದಿದ್ದೆನೋ. ಹಾಗಾಗಿ ಜುಲೈನ ಒಂದು ದಿನ ನಂದಿ ಬೆಟ್ಟದ ಕಡೆ ಮೋಡ ಅಡ್ಡ ಬಂದಾಗ ಹೆದರಿಕೆಯೇ ಆಗಲಿಲ್ಲ. ಗೊತ್ತಿರೋ ವಿಷಯ ಅಲ್ವಾ!

ನಮ್ಮ ಪುಷ್ಪಕ ವಿಮಾನ ಎಂದರೆ ಬಟ್ಟೆ ಹೊದಿಸಿದ ರೆಕ್ಕೆ, 90 ಅಶ್ವಶಕ್ತಿಯ ಎಂಜಿನ್, ಎರಡು ಸೀಟು. ವಿಮಾನ ಎತ್ತ ವಾಲಿದೆ ಅಂತ ತೋರಿಸೋ ಆರ್ಟಿಫಿಶಿಯಲ್ ಹೊರೈಜನ್ ಇರಲಿಲ್ಲ. ಬಿಳಿ ಬಿಟ್ಟರೆ ಏನೂ ಕಾಣದು. ವಿಮಾನ ನೆಟ್ಟಗೇ ಇದೆ ಅಂತ ನನ್ನ ಮೈ ಹೇಳುತ್ತಿತ್ತು, ಗಾಳಿಯ ಸದ್ದು ಮಾತ್ರ ಏರುತ್ತಲೇ ಇತ್ತು. ಕಿವಿಯೊಳಗಿನ ದ್ರವದ ಆಟ ಅದು. ನಿಧಾನಕ್ಕೆ ಒಂದೇ ಸಮ ತಿರುಗುತ್ತಿದ್ದರೆ ದ್ರವವೂ ಜೊತೆಗೇ ತಿರುಗಿ ಸುಮ್ಮನಾಗುತ್ತೆ, ನಮಗೆ ತಿರುಗುತ್ತಿರೋದೇ ಗೊತ್ತಾಗಲ್ಲ. ವೇಗ ಹೆಚ್ಚಿತು ಅಂತ ಸ್ಟಿಕ್ ಎಳೆದರೆ ಸುತ್ತು ಇನ್ನೂ ಬಿಗಿಯುತ್ತೆ. ಇದನ್ನೂ ಓದಿದ್ದೆ. ಆದರೂ ಎಳೆದೆ. ಮೋಡದ ತಳದಿಂದ ಹೊರಗೆ ಬಿದ್ದಾಗ ಎಡ ರೆಕ್ಕೆ ನೆಲ ನೋಡುತ್ತಿತ್ತು. ಕೆಳಗೆ ಹುರುಳಿ ಹೊಲ, ಒಂದು ಬಾವಿ. ಆ ಬಾವಿಯ ಕಟ್ಟೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್‌ಸ್ಟ್ರಕ್ಟರ್‌ಗೆ ಹೇಳಲಿಲ್ಲ. ಸಂಜೆ ಕ್ಯಾಂಟೀನಿನಲ್ಲಿ ಮಾತ್ರ ಹೇಳಿದೆ, ಸಾಹಸದ ಕಥೆ ಮಾಡಿ. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಕೊನೆಗೆ "ಅಷ್ಟೇನಾ ಸಾರ್?" ಅಂದ. ನಾನು ನಕ್ಕುಬಿಟ್ಟೆ. ಆ ನಗು ನನ್ನನ್ನು ಬಿಟ್ಟಿಲ್ಲ. ಆಮೇಲೆ ಅವನು ಎಲ್ಲಿಗೆ ಹೋದನೋ, ಎಷ್ಟು ದಿನ ಹಾರಿದನೋ.

ಆ ಅಂಕಣ ಬರೆದವರೆಲ್ಲ ವಾಪಸು ಬಂದವರು, ಪುಟ್ಟಿ. ಇದು ನನಗೆ ಹೊಳೆಯೋಕೆ ಎಷ್ಟೋ ವರ್ಷ ಬೇಕಾಯಿತು. ಬಾರದವರ ಕಥೆ, ಅಪಘಾತಗಳ ತನಿಖೆ ಮಾಡೋ ನಿಮ್ಮ ಅಮೆರಿಕದ ಎನ್‌ಟಿಎಸ್‌ಬಿಯವರ ವರದಿಯಲ್ಲಿ ಇರುತ್ತೆ, ಬೇರೆಯವರು ಬರೆದದ್ದು. ನೀನು ರಾತ್ರಿ ಫೋನಿನಲ್ಲಿ ಅದನ್ನೂ ಓದುತ್ತೀಯಂತೆ. ಓದು, ಬೇಡ ಅನ್ನಲ್ಲ. ನಾನೂ ಈಗ ಮಾಡೋದು ಅದೊಂದೇ.

ಏನು ಮಾಡಬೇಕು ಅಂತ ಹೇಳೋಕೆ ನಾನ್ಯಾರು? ಹಾರೋದು ಬಿಟ್ಟು ನಲವತ್ತು ವರ್ಷ ಆಯಿತು. ಆದರೂ ಕೇಳು. ಲೈಸೆನ್ಸ್‌ಗೆ ಅಂತ ಹೊರಗಡೆ ಕಾಣದ ಹಾಗೆ ಹುಡ್ ಹಾಕಿಕೊಂಡು ಮೂರು ಗಂಟೆ ಹಾರಿಸಿದ್ದೆಯಲ್ಲ, ಅದನ್ನೇ ಇನ್ನೊಂದು ಸಲ ಇನ್‌ಸ್ಟ್ರಕ್ಟರ್ ಜೊತೆ ಮಾಡಬಾರದಾ? ಇಲಿನಾಯ್‌ನವರೂ ಮೋಡಕ್ಕೆ ಸಿಕ್ಕರೆ ಹಿಂದಕ್ಕೆ ತಿರುಗಿ ಹೊರಬರೋದು ಹೇಗೆ ಅಂತ ಕಲಿಸಿದ ಮೇಲೆ, ಅದೇ ಜನ ಬಹುಪಾಲು ಸಲ ಹೊರಬಂದರು. ಖರ್ಚಾಗುತ್ತೆ, ಗೊತ್ತು. ಇನ್ನೊಂದು, ನಾಸಾದವರಿಗೆ ಹೆಸರು ಹೊರಬರದ ಹಾಗೆ ತಪ್ಪು ಬರೆದು ಕಳಿಸೋ ವ್ಯವಸ್ಥೆ 1976ರಿಂದ ಇದೆ. ಈ ಎರಡು ನಿಮಿಷವನ್ನು ಅಲ್ಲಿಗೆ ಬರೆ. ನನ್ನ ಹಾಗೆ ಕ್ಯಾಂಟೀನಿನಲ್ಲಿ ಹೇಳಬೇಡ. ಸಮುದ್ರದ ಕಡೆಯಿಂದ ಮೋಡ ಬಂದರೆ ಆ ಕೆಟ್ಟ ಕಾಫಿಯನ್ನೇ ಇನ್ನೊಂದು ಕಪ್ ಕುಡಿದು ಕೂತಿರು. ಆಫೀಸಿಗೆ ಒಂದು ದಿನ ತಡವಾದರೆ ಆಗಲಿ.

ನಿಮ್ಮಮ್ಮನಿಗೆ ಈ ವಿಷಯ ಹೇಳಿಲ್ಲ, ಹೇಳೋದೂ ಇಲ್ಲ. ಆದರೆ ಮುಂದಿನ ಕಾಗದದಲ್ಲಿ ಒಂದು ಬರೆ. ಮೋಡದಿಂದ ಹೊರಬಂದಾಗ ನಿನ್ನ ರೆಕ್ಕೆ ಯಾವ ಕಡೆಗೆ ವಾಲಿತ್ತು? ಅದನ್ನು ನೀನು ಬರೆದೇ ಇಲ್ಲ.

ನಿನ್ನ
ಮಾವ