ಮಂಗಳವಾರದ ಬಸ್ಸು

ಶಿಕಾಗೋ

ತೀರ್ಥರೂಪ ಅಪ್ಪಯ್ಯನವರಿಗೆ ನಮಸ್ಕಾರಗಳು.

ಮಗಳು ಕಾಗದ ಬರೆದಿದ್ದಾಳೆಂದು ಗಾಬರಿಯಾಗಬೇಡಿ, ನಾವೆಲ್ಲ ಕ್ಷೇಮ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಸ್ಪೀಕರ್ ಹಾಕಿಬಿಡುತ್ತೀರಿ, ಚಿಕ್ಕಪ್ಪ ಜಗುಲಿಯ ಮೂಲೆಯಲ್ಲಿ ಅಡಿಕೆ ಸುಲಿಯುತ್ತ ಎಲ್ಲ ಕೇಳಿಸಿಕೊಳ್ಳುತ್ತಾನೆ. ಈ ಮಾತು ಅವನ ಕಿವಿಗೆ ಬೀಳುವುದು ಬೇಡ.

ಚಿಕ್ಕಪ್ಪನ ಮನಸ್ಸಿನ ಕಾಯಿಲೆಯ ಮಾತ್ರೆಯ ಬಗ್ಗೆ ಹೋದ ವಾರ ನೀವು ಅಂದಿರಿ: "ತಾಲ್ಲೂಕು ಆಸ್ಪತ್ರೆಗೆ ಎರಡು ಸಲ ಹೋದರೂ ಮಾತ್ರೆ ಸ್ಟಾಕ್ ಇಲ್ಲ. ಅಡಿಕೆ ಕೊನೆ ಕೊಯ್ಲಿನ ಹೊತ್ತಲ್ಲಿ ಒಂದು ದಿನ ಹಾಳು. ಮೆಡಿಕಲ್ ಶಾಪಿನಿಂದ ತಂದರಾಯ್ತು, ಮಂಗಳವಾರದ ಓಡಾಟ ಸಾಕು." ನಾನೂ ಹೂಂ ಅಂದೆ. ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ.

ನಮ್ಮ ಎದುರು ಬಾಗಿಲಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. ನಾನು ಕೊಟ್ಟ ತಂಬುಳಿಯನ್ನು ಸೂಪ್ ಅಂದುಕೊಂಡು ಕುದಿಸಿ ಒಡೆಸಿದವರು ಅವರೇ. ಅವರ ಮಗನಿಗೂ ಚಿಕ್ಕಪ್ಪನದೇ ಕಾಯಿಲೆ. ಮೊದಲಿದ್ದ ಊರಿನಲ್ಲಿ ಸರ್ಕಾರಿ ಕ್ಲಿನಿಕ್ಕಿಗೆ ನಡೆದೇ ಹೋಗುತ್ತಿದ್ದನಂತೆ. ಕೌಂಟರಿನ ಹೆಂಗಸಿಗೆ ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಈ ವಾರ ಮಾತ್ರೆ ತಪ್ಪಿಸಿದ್ದಾನೆ ಅಂತ. ಹಣ ಸಾಲದೆಂದು ಆ ಕ್ಲಿನಿಕ್ ಮುಚ್ಚಿತು. ಬೇರೆ ಕಡೆ ಹೋಗಲು ಚೀಟಿ ಕೊಟ್ಟರು. ಎರಡು ಬಸ್ಸು, ಹೊಸ ಡಾಕ್ಟರು, ಮತ್ತೆ ಮೊದಲಿನಿಂದ ಕಥೆ. ಮೂರು ತಿಂಗಳು ಹೋದ, ಆಮೇಲೆ ಬಿಟ್ಟ. ಮುಂದಿನ ಸಲ ಅವನನ್ನು ಕರೆದುಕೊಂಡು ಹೋದವರು ಪೊಲೀಸರು.

ಅವರೊಬ್ಬರ ಮನೆಯ ಕಥೆಯಾಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ಈ ಶಿಕಾಗೋದಲ್ಲೂ ನಗರಾಡಳಿತದ 12 ಮಾನಸಿಕ ಆರೋಗ್ಯ ಕ್ಲಿನಿಕ್ಕುಗಳಿದ್ದವು. 2012ರಲ್ಲಿ ಖರ್ಚು ಉಳಿಸಲು 6ನ್ನು ಮುಚ್ಚಿದರು. ಜನ ಬೀದಿಗಿಳಿದು ಜಗಳವಾಡಿದರೂ ಆಗಲಿಲ್ಲ. ಮೂರು ವರ್ಷ ಕಳೆದು, 2015ರಲ್ಲಿ, ಇಲ್ಲಿನ ಕುಕ್ ಕೌಂಟಿ ಜೈಲಿನ ಮುಖ್ಯಸ್ಥೆಯಾಗಿ ಬಂದವರು ಒಬ್ಬ ಮನಃಶಾಸ್ತ್ರಜ್ಞೆ. ಒಳಗೆ ಅಷ್ಟು ಮಂದಿ ಮನೋರೋಗಿಗಳು! ಒಂದು ಜೇಬಿನಲ್ಲಿ ಉಳಿಸಿದ್ದನ್ನು ಇನ್ನೊಂದು ಜೇಬಿನಿಂದ ಸುರಿಯುವುದಕ್ಕೆ ಇವರೂ ಲೆಕ್ಕ ಅನ್ನುತ್ತಾರೆ. ಮುಚ್ಚಿದ್ದರಲ್ಲಿ ರೋಸ್‌ಲ್ಯಾಂಡ್ ಬಡಾವಣೆಯದನ್ನು ಮತ್ತೆ ತೆರೆಯುತ್ತೇವೆಂದು ಮೇಯರ್ 2024ರಲ್ಲಿ ಹೇಳಿದರು. ಬಾಗಿಲೇನೋ ತೆರೆಯಬಹುದು, ಚದುರಿಹೋದವರನ್ನು ಯಾರು ಕರೆತರುತ್ತಾರೆ?

ಇದು ಈ ದೇಶಕ್ಕೆ ಹೊಸದಲ್ಲ. ದೊಡ್ಡ ಹುಚ್ಚಾಸ್ಪತ್ರೆಗಳ ಬದಲು ಊರೂರಿಗೆ ಕೇಂದ್ರ ಅಂತ ಅಧ್ಯಕ್ಷ ಕೆನಡಿ 1963ರಲ್ಲಿ ಕಾನೂನು ತಂದರು. ಆಸ್ಪತ್ರೆಗಳು ಖಾಲಿಯಾದವು, ಕೇಂದ್ರಗಳು ಅಂದುಕೊಂಡಷ್ಟು ಏಳಲಿಲ್ಲ. 1981ರಲ್ಲಿ ರೇಗನ್ ಸರ್ಕಾರ ಆ ಹಣವನ್ನೂ ಕಡಿಮೆ ಮಾಡಿ, ಇಡಿಗಂಟು ಕಟ್ಟಿ ರಾಜ್ಯಗಳ ಕೈಗೆ ಹಾಕಿತು.

ಅಪ್ಪಯ್ಯ, ನಮ್ಮ ಮನೆಯಲ್ಲಿ ಮೊದಲು ಹೇಗಿತ್ತು ನೆನಪಿದೆಯಲ್ಲ? ತಾಯತ ಆಯ್ತು, ಹರಕೆ ಆಯ್ತು. ಕೊನೆಗೆ ಅಜ್ಜಿಯ ಅವಲಕ್ಕಿ ಸರ ಅಡವಿಟ್ಟು ರಾತ್ರಿ ಬಸ್ಸಿನಲ್ಲಿ ನಿಮ್ಹಾನ್ಸ್‌ಗೆ ಹೊರಟಿರಿ. ನೀವು ಒಂದು ಕಡೆ, ಮಾವ ಇನ್ನೊಂದು ಕಡೆ, ನಡುವೆ ಚಿಕ್ಕಪ್ಪ. ಆ ಓಡಾಟ ನಿಂತದ್ದು ಮನೋಚೈತನ್ಯ ಅಂತ ಸರ್ಕಾರದ ಯೋಜನೆ ಬಂದು, ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುವಂತಾದ ಮೇಲೆ. ಪಕ್ಕದ ತೀರ್ಥಹಳ್ಳಿಯಲ್ಲಿ 2005ರಿಂದ ನಿಮ್ಹಾನ್ಸ್‌ನವರು ಇಂಥವರನ್ನು ಹುಡುಕಿ, ವರ್ಷಗಟ್ಟಲೆ ಬೆನ್ನುಬಿಡದೆ ನೋಡಿಕೊಂಡದ್ದೂ ಇದನ್ನೇ ತೋರಿಸಿತು: ಡಾಕ್ಟರು, ಔಷಧಿ ಹತ್ತಿರವಿದ್ದರೆ ಮನುಷ್ಯ ತೋಟಕ್ಕೆ ಮರಳುತ್ತಾನೆ. ಈಗ 14416 ಅಂತ ಟೆಲಿ ಮಾನಸ್ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ಒಳ್ಳೆಯದೇ. ಆದರೆ ನಮ್ಮ ಮನೆಗೆ ಸಿಗ್ನಲ್ ಬರುವುದು ಹಿತ್ತಲ ಧರೆ ಹತ್ತಿದರೆ ಮಾತ್ರ. ಮಾತ್ರೆಯಂತೂ ಫೋನಿನಲ್ಲಿ ಬರುವುದಿಲ್ಲ.

ಇನ್ನೊಂದು. ನೀವು ಹೊರಗಿನಿಂದ ಕೊಂಡು ಸುಮ್ಮನಾದರೆ ಆಸ್ಪತ್ರೆಯ ಪುಸ್ತಕದಲ್ಲಿ ಒಂದು ಹೆಸರು ಕಡಿಮೆ. ಹಾಗೇ ನಾಲ್ಕು ಮನೆಯವರು ಮಾಡಿದರೆ, "ರೋಗಿಗಳೇ ಇಲ್ಲ, ಮಂಗಳವಾರದ ಡಾಕ್ಟರು ಯಾಕೆ, ಅಪರೂಪಕ್ಕೊಮ್ಮೆ ಬಂದರೆ ಸಾಕು" ಅಂತ ಯಾರೋ ಶಿವಮೊಗ್ಗದಲ್ಲೋ ಬೆಂಗಳೂರಲ್ಲೋ ಬರೆಯುತ್ತಾರೆ. ನಮಗೆ ಕೊಳ್ಳುವ ಶಕ್ತಿ ಇದೆ. ಕೆಳಗಿನ ಕೇರಿಯಿಂದ ತಂಗಿಯನ್ನು ಕರೆದುಕೊಂಡು ಬರುವ ಆ ಹುಡುಗ ಏನು ಮಾಡುತ್ತಾನೆ?

ಆದ್ದರಿಂದ ಮಾತ್ರೆ ಇರಲಿ ಬಿಡಲಿ, ಮಂಗಳವಾರ ಹೋಗಿ ಚೀಟಿ ಮಾಡಿಸಿ. ಇಲ್ಲ ಅಂದರೆ ಇಲ್ಲ ಅಂತಲೇ ಬರೆಸಿಕೊಳ್ಳಿ. ಅದನ್ನು ಹಿಡಿದು ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು ಅರ್ಜಿ ಕೊಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಚಿಕಿತ್ಸೆ ಹಕ್ಕು ಅಂತಲೇ ಇದೆ. ಅಡಿಕೆ ಸೊಸೈಟಿಗೆ ಅರ್ಜಿ ಬರೆಯುವಾಗಿನ ನಿಮ್ಮ ಆ ಖಾರದ ಭಾಷೆ ಇಲ್ಲೂ ನಡೆಯುತ್ತದೆ. ಅವತ್ತಿನ ಆಳಿನ ಕೂಲಿ ನಾನು ಕಳಿಸುತ್ತೇನೆ. ಕೋಪ ಮಾಡಿಕೊಳ್ಳಬೇಡಿ.

ಹಿಮ ಎಷ್ಟು ಎತ್ತರ ಬೀಳುತ್ತೆ ಅಂತ ಚಿಕ್ಕಪ್ಪ ಕೇಳಿದ್ದ. ಅಳೆದು, ಚಿತ್ರ ಬರೆದು, ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಅದನ್ನು ಅವನಿಗೆ ಕೊಡಿ, ಇದನ್ನು ನಿಮ್ಮ ಪೆಟ್ಟಿಗೆಯಲ್ಲಿಡಿ. ಅಮ್ಮನಿಗೆ ನಮಸ್ಕಾರ.

ನಿಮ್ಮ ಮಗಳು